ಒಡಕು ದನಿಯ ಡಬ್ಬಿ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋದು ಒಂದು ಖರ್ಚು. ಅದರ ದನಿ ನಾಲ್ಕು ಜನಕ್ಕೆ ಕೇಳಬೇಕಾದರೆ ಆಂಪ್ಲಿಫೈಯರ್ ಬೇಕು, ಅದು ಎರಡನೇ ಖರ್ಚು. ಇಷ್ಟೆಲ್ಲ ಮಾಡಿ, ತಂತಿಯ ದನಿ ತಿಳಿನೀರಿನ ಹಾಗೆ ಬರ್ತಿದೆ ಅಂತ ಖಾತ್ರಿಯಾದ ಮೇಲೆ, ಅದನ್ನ ಕೆಡಿಸೋದಕ್ಕೆ ಅಂತಲೇ ಮೂರನೇ ಖರ್ಚು ಮಾಡ್ತೀವಿ. ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ. ಒತ್ತಿದರೆ ದನಿ ಒಡೆಯುತ್ತೆ, ಗೊರಗುಟ್ಟುತ್ತೆ, ಜೇನ್ನೊಣದ ಹಿಂಡು ಕಿವಿ ಪಕ್ಕ ಹಾದ ಹಾಗೆ ಝೇಂಕರಿಸುತ್ತೆ. ಡಿಸ್ಟಾರ್ಷನ್ ಪೆಡಲ್ ಅಂದರೆ ಇದು. ಇದರ ಅತಿ ಹಳೆಯ ಬಗೆಯ ಹೆಸರು ಫಝ್.

ಇಂಥದ್ದೊಂದನ್ನ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಆರಿಸಿಕೊಂಡಿದ್ದು 1966ರಲ್ಲಿ ಲಂಡನ್ನಿನಲ್ಲಿ ಹೊರಬಂದ ಫಝ್ ಫೇಸ್. ಒಳಗೆ ಇರೋದು ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಟ್ರಾನ್ಸಿಸ್ಟರ್, ತಿರುಗಿಸೋಕೆ ಎರಡು ನಾಬ್. ಒಟ್ಟು ಹನ್ನೊಂದು. ಬೆಸುಗೆ ಹಾಕೋಕೆ ಒಂದು ಭಾನುವಾರ ಸಾಕು. ಆದರೆ ನನಗೆ ಮೂರು ತಿಂಗಳು ಹಿಡಿಯಿತು. ಯಾಕೆ ಅಂದರೆ ಆ ಎರಡು ಟ್ರಾನ್ಸಿಸ್ಟರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗೋ ವಸ್ತುಗಳಲ್ಲ; ಸಿಕ್ಕರೂ ಒಂದರ ಹಾಗೆ ಇನ್ನೊಂದು ಇರಲ್ಲ. ಯಾಕೆ ಹೀಗೆ, ಅಷ್ಟು ಹಳೆಯ, ಅಷ್ಟು ತಕರಾರಿನ ಭಾಗವೇ ಯಾಕೆ ಬೇಕು ಅಂತ ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತೆ.

ಮೊದಲು ದನಿ ಒಡೆಯೋದು ಅಂದರೇನು ಅಂತ ನೋಡೋಣ. ಗಿಟಾರಿನಿಂದ ಬರೋ ವಿದ್ಯುತ್ ಸಂಕೇತ ತೀರಾ ಚಿಕ್ಕದು, ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಆಂಪ್ಲಿಫೈಯರ್ ಅದನ್ನ ದೊಡ್ಡದು ಮಾಡುತ್ತೆ. ಆದರೆ 9 ವೋಲ್ಟಿನ ಬ್ಯಾಟರಿ ಹಾಕಿ ಕೂತವನ ಹತ್ತಿರ 9 ವೋಲ್ಟಿಗಿಂತ ದೊಡ್ಡ ಅಲೆ ಕೇಳಿದರೆ ಎಲ್ಲಿಂದ ತರ್ತಾನೆ? ಚಾವಣಿ ತಗ್ಗಾದ ಅಟ್ಟದಲ್ಲಿ ಎದ್ದು ನಿಂತವನ ತಲೆ ಬಡಿದ ಹಾಗೆ, ಅಲೆಯ ನೆತ್ತಿ ಅಲ್ಲಿಗೇ ಚಪ್ಪಟೆಯಾಗುತ್ತೆ. ಹೀಗೆ ನೆತ್ತಿ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಎಷ್ಟೋ ಮೇಲಿನ ಸ್ವರಗಳು ಹುಟ್ಟಿಕೊಳ್ತವೆ. ತಂತಿ ಮೀಟಿದ್ದು ಒಂದು, ಕೇಳೋದು ಹತ್ತು. ದನಿ ಬೇಗ ಸಾಯೋದೂ ಇಲ್ಲ. ಅಲೆ ಕುಗ್ಗುತ್ತಾ ಬಂದರೂ ಚಾವಣಿಗೆ ತಾಗುತ್ತಲೇ ಇರುತ್ತಲ್ಲ.

ಇದು ನಮಗೆ ತೀರಾ ಹೊಸದೇನಲ್ಲ ಬಿಡಿ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಒಂದು ದಾರದ ಎಳೆ ಸಿಕ್ಕಿಸಿ, ಮೇಲೆ ಕೆಳಗೆ ಸರಿಸಿ, ತಂತಿ ‘ಝುಂ’ ಅನ್ನೋ ಜಾಗ ಹುಡುಕ್ತಾರೆ. ತಂತಿ ಕುದುರೆಯ ಬೆನ್ನಿಗೆ ಸವರಿಕೊಂಡು ಕಂಪಿಸಬೇಕು, ಅದರಿಂದಲೇ ಆ ಮೇಲಿನ ಸ್ವರಗಳು ಏಳೋದು. ಕಟ್ಟುನಿಟ್ಟಾಗಿ ನೋಡಿದರೆ ಅದೂ ಒಂದು ‘ದೋಷ’ವೇ. ಆದರೆ ನಮ್ಮವರು ಅದನ್ನ ದೋಷ ಅಂತ ಕರೆಯದೆ ಜವಾರಿ ಅಂತ ಕರೆದರು. ವ್ಯತ್ಯಾಸ ಏನಂದರೆ, ವಿದ್ಯುತ್ತಿನ ಗಿಟಾರಿನಲ್ಲಿ ಅದನ್ನ ಯಾರೂ ಹುಡುಕಿಕೊಂಡು ಹೋಗಲಿಲ್ಲ. ಕೆಟ್ಟುಹೋದ ಸಾಮಾನುಗಳು ತಾವಾಗಿ ತಂದುಕೊಟ್ಟವು.

1951ರ ಮಾರ್ಚಿನಲ್ಲಿ ಐಕ್ ಟರ್ನರನ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್‌ಗೆ, ಸ್ಯಾಮ್ ಫಿಲಿಪ್ಸನ ಸ್ಟುಡಿಯೋಗೆ ಹೊರಟಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕೈಝಾರ್ಟನ ಆಂಪ್ಲಿಫೈಯರಿಗೆ ಪೆಟ್ಟಾಯಿತು. ಕಾರಿನಿಂದ ಬಿತ್ತು ಅಂತ ಒಂದು ಕಥೆ, ಮಳೆಗೆ ನೆನೆಯಿತು ಅಂತ ಇನ್ನೊಂದು. ಒಳಗೆ ಹರಿದ ಸ್ಪೀಕರ್ ಕೋನಿಗೆ ಕಾಗದ ತುರುಕಿ ಹಾಗೇ ರೆಕಾರ್ಡ್ ಮಾಡಿದರು. ‘ರಾಕೆಟ್ 88’ ಅನ್ನೋ ಆ ಹಾಡನ್ನ ರಾಕ್ ಆಂಡ್ ರೋಲಿನ ಮೊದಲ ಹಾಡು ಅಂತ ವಾದಿಸೋರು ಇವತ್ತಿಗೂ ಇದ್ದಾರೆ. ಆಮೇಲೆ ಬೇಕಂತಲೇ ಹಾಳು ಮಾಡೋ ಕಾಲ ಬಂತು. 1958ರ ‘ರಂಬಲ್’ಗಾಗಿ ಲಿಂಕ್ ರೇ ಸ್ಪೀಕರಿಗೆ ಪೆನ್ಸಿಲಿನಲ್ಲಿ ತೂತು ಹೊಡೆದ. ಅದು ಒಂದೇ ಒಂದು ಮಾತಿಲ್ಲದ ವಾದ್ಯ ಸಂಗೀತ, ಆದರೂ ಕೆಲವು ರೇಡಿಯೋ ಕೇಂದ್ರಗಳು ಅದನ್ನ ಹಾಕಲ್ಲ ಅಂದವು! 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನ ಬ್ಲೇಡಿನಿಂದ ಸೀಳಿದ.

ಸೀಳಿದ ಸ್ಪೀಕರಿನ ತೊಂದರೆ ಏನು ಅಂತ ಯೋಚನೆ ಮಾಡಿ. ಮತ್ತೆ ಒಳ್ಳೆ ದನಿ ಬೇಕು ಅಂದರೆ ಬರಲ್ಲ. ಒಂದು ಹಾಡಿನ ಮಧ್ಯೆ ಕೆಟ್ಟು, ಮುಂದಿನ ಸಾಲಿಗೆ ರಿಪೇರಿ ಆಗು ಅಂತ ಅದಕ್ಕೆ ಹೇಳೋಕಾಗಲ್ಲ. ಕೆಡುಕನ್ನ ಸ್ವಿಚ್ಚಿಗೆ ಕಟ್ಟಿದ್ದು ನ್ಯಾಶ್‌ವಿಲ್‌ನಲ್ಲಿ. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ಅತಿ ಚೆಂದದ ಘಟನೆ ಅದು.

1960ರ ಕೊನೆ. ಕಂಟ್ರಿ ಗಾಯಕ ಮಾರ್ಟಿ ರಾಬಿನ್ಸನ ‘ಡೋಂಟ್ ವರಿ’ ಹಾಡಿನ ರೆಕಾರ್ಡಿಂಗ್ ಕ್ವಾನ್‌ಸೆಟ್ ಹಟ್ ಸ್ಟುಡಿಯೋದಲ್ಲಿ ನಡೀತಿತ್ತು. ನುಡಿಸ್ತಿದ್ದವನು ಗ್ರೇಡಿ ಮಾರ್ಟಿನ್, ಆರು ತಂತಿಯ ಬೇಸ್ ಗಿಟಾರಿನಲ್ಲಿ. ರೆಕಾರ್ಡಿಂಗ್ ಇಂಜಿನಿಯರ್ ಗ್ಲೆನ್ ಸ್ನಾಡಿ. ನಡುವಿನ ತುಣುಕಿನಲ್ಲಿ ಮಾರ್ಟಿನ್ ನುಡಿಸಿದ್ದು ಭಯಂಕರವಾಗಿ ಒಡೆದು ಬಂತು. ಕನ್ಸೋಲಿನ ಒಂದು ಚಾನೆಲ್ಲಿನ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್ ಕೈ ಕೊಟ್ಟಿತ್ತು, ಅಷ್ಟೆ. ನೀವು ಆ ಹಾಡು ಕೇಳಿದರೆ ಬೆಚ್ಚಿ ಬೀಳ್ತೀರಿ. ಮೆತ್ತಗೆ, ಅರೆನಿದ್ದೆಯಲ್ಲಿ ಹೋಗ್ತಿರೋ ಹಾಡು. ಇದ್ದಕ್ಕಿದ್ದ ಹಾಗೆ ನಡುಮನೆಗೆ ಟ್ರಾಕ್ಟರ್ ನುಗ್ಗಿದ ಹಾಗೆ ಆ ಬೇಸ್. ಆ ತುಣುಕು ಮುಗಿದ ಕೂಡಲೇ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಹಾಡು. ಹಾಗೇ ಬಿಡುಗಡೆ ಮಾಡಿದರು. 1961ರಲ್ಲಿ ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಈಗ ಎಲ್ಲರಿಗೂ ಆ ಸದ್ದು ಬೇಕು. ಸ್ನಾಡಿ ಮುಂದೆ ಹೇಳಿಕೊಂಡ ಹಾಗೆ, ನ್ಯಾನ್ಸಿ ಸಿನಾಟ್ರಾ ಕೂಡ ಆ ಸದ್ದು ಬೇಕು ಅಂತ ಕೇಳಿಕೊಂಡು ಬಂದಳಂತೆ. ಅಷ್ಟರಲ್ಲಿ ಆ ಆಂಪ್ಲಿಫೈಯರ್ ಪೂರ್ತಿ ಸತ್ತುಹೋಗಿತ್ತು. ಅರ್ಧ ಕೆಟ್ಟಿದ್ದಾಗ ಚಿನ್ನ, ಪೂರ್ತಿ ಕೆಟ್ಟಾಗ ಗುಜರಿ. ಕೆಟ್ಟಿದ್ದನ್ನ ರಿಪೇರಿ ಮಾಡೋದು ಯಾವ ಇಂಜಿನಿಯರಿಗೂ ಗೊತ್ತಿರುತ್ತೆ. ಸ್ನಾಡಿಗೆ ಬಂದಿದ್ದು ಅದರ ತಿರುವುಮುರುವಾದ ಕೆಲಸ: ಸತ್ತ ದೋಷವನ್ನ ಮತ್ತೆ ಹುಟ್ಟಿಸೋದು, ಅದೂ ಬೇಕೆಂದಾಗ ಬರೋ ಹಾಗೆ, ಬೇಡವೆಂದಾಗ ಹೋಗೋ ಹಾಗೆ. ರೇಡಿಯೋ ಇಂಜಿನಿಯರ್ ಆಗಿದ್ದ ಗೆಳೆಯ ರೆವಿಸ್ ಹಾಬ್ಸ್ ಜೊತೆ ಸೇರಿ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರಿನ ಒಂದು ಸರ್ಕ್ಯೂಟ್ ಮಾಡಿದ. ಅದನ್ನ ಗಿಬ್ಸನ್ ಕಂಪನಿಗೆ ಮಾರಿದರು. 1962ರಲ್ಲಿ ‘ಮೇಸ್ಟ್ರೋ ಫಝ್-ಟೋನ್ ಎಫ್‌ಝಡ್-1’ ಅಂತ ಮಾರುಕಟ್ಟೆಗೆ ಬಂತು. ಎರಡು ಮಾಮೂಲಿ ಸೆಲ್ಲಿನಲ್ಲಿ, ಅಂದರೆ ಬರೀ 3 ವೋಲ್ಟಿನಲ್ಲಿ ನಡೆಯೋ ಕಂದುಬಣ್ಣದ ಡಬ್ಬಿ.

ಗಿಬ್ಸನ್ನಿಗೆ ತಾನು ಏನು ಮಾರ್ತಿದೀನಿ ಅಂತ ಗೊತ್ತಿರಲಿಲ್ಲ ಅನ್ನೋದು ನನ್ನ ಗುಮಾನಿ. ಒಡಕು ದನಿ ತಗೊಳ್ಳಿ ಅಂತ ಯಾವ ಕಂಪನಿ ತಾನೇ ಜಾಹೀರಾತು ಕೊಡುತ್ತೆ? ಗಿಟಾರಿನಿಂದ ಟ್ರಂಪೆಟ್, ಟ್ಯೂಬಾ, ಚೆಲ್ಲೋ ದನಿ ತೆಗೀರಿ ಅಂತ ಹೇಳಿದರು. ಯಾವ ಚೆಲ್ಲೋನೂ ಅದರ ಹತ್ತಿರ ಬರಲಿಲ್ಲ. ಮೊದಲ ವರ್ಷ 5,458 ಪೆಡಲ್ ಅಂಗಡಿಗಳಿಗೆ ಹೋದವು, 1963ರಲ್ಲಿ ಹೋಗಿದ್ದು ಮೂರು. ಮೂರು ಸಾವಿರ ಅಲ್ಲ, ಮೂರು. 1964ರಲ್ಲಿ ಸೊನ್ನೆ.

ಆಮೇಲೆ 1965ರ ಮೇ ತಿಂಗಳು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಹಾಲಿವುಡ್ಡಿನ ಸ್ಟುಡಿಯೋದಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಫಝ್-ಟೋನ್ ಒತ್ತಿದ. ತಮಾಷೆ ಏನಂದರೆ ಅವನು ಗಿಬ್ಸನ್ ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡ್ತಿದ್ದ. ಆ ತುಣುಕನ್ನ ಮುಂದೆ ತುತ್ತೂರಿ ತಂಡದವರು ಊದಬೇಕು, ಸದ್ಯಕ್ಕೆ ಗುರುತಿಗೆ ಅಂತ ಗಿಟಾರಿನಲ್ಲಿ ನುಡಿಸಿಟ್ಟಿರೋಣ ಅನ್ನೋದು ಅವನ ಲೆಕ್ಕ. ಮಿಕ್ಕವರು ಇದೇ ಇರಲಿ ಅಂದರು. ಹಾಡು ಬಿಡುಗಡೆಯಾಗಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಕಪಾಟಿನಲ್ಲಿ ಧೂಳು ಹಿಡೀತಿದ್ದ ಫಝ್-ಟೋನುಗಳೆಲ್ಲ ಖಾಲಿಯಾದವು. ಅದೇ ವರ್ಷ ಓಟಿಸ್ ರೆಡಿಂಗ್ ಆ ಹಾಡನ್ನ ನಿಜವಾದ ತುತ್ತೂರಿಗಳ ಜೊತೆ ಹಾಡಿದ. ಚೆನ್ನಾಗೇ ಇದೆ. ಆದರೂ ಇವತ್ತು ನಮ್ಮ ಕಿವಿಯಲ್ಲಿ ಉಳಿದಿರೋದು ಆ ಕಚ್ಚಾ ಗುರುತೇ.

ಇಂಗ್ಲೆಂಡಿನಲ್ಲಿ ಫಝ್-ಟೋನ್ ಸುಲಭವಾಗಿ ಸಿಗ್ತಿರಲಿಲ್ಲ. ಜೇಮ್ಸ್ ಬಾಂಡ್ ಸಂಗೀತದ ಗಿಟಾರ್ ನುಡಿಸಿದ ವಿಕ್ ಫ್ಲಿಕ್, ಇದರ ದನಿ ಇನ್ನಷ್ಟು ಹೊತ್ತು ನಿಲ್ಲೋ ಹಾಗೆ ಮಾಡಿಕೊಡು ಅಂತ ಗ್ಯಾರಿ ಹರ್ಸ್ಟ್ ಅನ್ನೋ ಇಂಜಿನಿಯರನ ಹತ್ತಿರ ಹೋದ. ಹರ್ಸ್ಟ್ ಮಾಡಿದ್ದು ಅಂದರೆ ಇವತ್ತು ನಾವು ‘ಮಾಡ್’ ಅಂತೀವಲ್ಲ, ಅದೇ. 3 ವೋಲ್ಟಿನ ಬದಲು 9 ವೋಲ್ಟ್, ಕೆಲವು ರೆಸಿಸ್ಟರುಗಳ ಬೆಲೆಯಲ್ಲಿ ಬದಲಾವಣೆ. 1965ರ ಟೋನ್ ಬೆಂಡರ್ ಹುಟ್ಟಿದ್ದು ಹಾಗೆ; ಮೊದಮೊದಲಿನವು ಮರದ ಪೆಟ್ಟಿಗೆಯಲ್ಲಿದ್ದವು. ಯಾರ್ಡ್‌ಬರ್ಡ್ಸ್ ತಂಡದ ‘ಹಾರ್ಟ್ ಫುಲ್ ಆಫ್ ಸೋಲ್’ ಹಾಡಿಗೆ ಮೊದಲು ಒಬ್ಬ ಸಿತಾರ್ ವಾದಕರನ್ನೇ ಕರೆಸಿದ್ದರು. ಅದು ಅಂದುಕೊಂಡ ಹಾಗೆ ಕೂರಲಿಲ್ಲ. ಕೊನೆಗೆ ಜೆಫ್ ಬೆಕ್ ಫಝ್ ಹಾಕಿಕೊಂಡು ಗಿಟಾರಿನಲ್ಲೇ ಸಿತಾರಿನ ನಕಲು ಮಾಡಿದ. ಮೇಲೆ ಹೇಳಿದ ಜವಾರಿ ನೆನಪಿಸಿಕೊಳ್ಳಿ. ಆ ನಕಲು ಕಿವಿಗೆ ಯಾಕೆ ಒಪ್ಪಿತು ಅಂತ ಗೊತ್ತಾಗುತ್ತೆ. ಟ್ರಂಪೆಟ್ಟಿನ ನಕಲಿನಲ್ಲಿ ಸೋತಿದ್ದ ಡಬ್ಬಿ ಸಿತಾರಿನ ಹತ್ತಿರಕ್ಕಾದರೂ ಹೋಗಿ ಮುಟ್ಟಿತು.

1966ರಲ್ಲಿ ಟೋನ್ ಬೆಂಡರಿನ ಎರಡೇ ಟ್ರಾನ್ಸಿಸ್ಟರಿನ ಒಂದು ಬಗೆ ಬಂತು. ಅದೇ ವರ್ಷದ ಕೊನೆಗೆ ಐವರ್ ಆರ್ಬಿಟರನ ಕಂಪನಿ ಹೆಚ್ಚೂಕಮ್ಮಿ ಅದೇ ಸರ್ಕ್ಯೂಟನ್ನ ದುಂಡನೆಯ ಲೋಹದ ಡಬ್ಬಿಯಲ್ಲಿ ಹಾಕಿ ಫಝ್ ಫೇಸ್ ಅಂತ ಹೆಸರಿಟ್ಟಿತು. ದುಂಡಗೆ ಯಾಕೆ? ಆರ್ಬಿಟರ್ ಮೈಕ್ ಸ್ಟ್ಯಾಂಡಿನ ತಳ ನೋಡಿ, ಇದೇ ಆಕಾರ ಇರಲಿ ಅಂದನಂತೆ. ಎರಡು ನಾಬು ಕಣ್ಣು, ಕೆಳಗೆ ಬಾಯಿ. ಆ ಸೆಪ್ಟೆಂಬರಿನಲ್ಲಷ್ಟೇ ಜಿಮಿ ಹೆಂಡ್ರಿಕ್ಸ್ ಅಮೆರಿಕದಿಂದ ಲಂಡನ್ನಿಗೆ ಬಂದಿಳಿದಿದ್ದ. ಮುಂದಿನದು ನಿಮಗೆ ಗೊತ್ತು.

ಈಗ ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಒರಿಜಿನಲ್ ವಿಂಟೇಜ್’ ಅನ್ನೋ ಮಾತು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತೆ. ಆ ಕಾಲದ ಫಝ್ ಫೇಸಿಗೆ ಜನ ವಿಪರೀತ ದುಡ್ಡು ಕೊಡ್ತಾರೆ. ನನ್ನ ಡಬ್ಬಿಯಲ್ಲಿ ಎರಡು ರೆಸಿಸ್ಟರ್ ಬದಲಾಯಿಸಿದೆ ಅಂದ ಕೂಡಲೇ, ‘ಹಾಗಾದ್ರೆ ಅದು ಫಝ್ ಫೇಸ್ ಅಲ್ಲ ಬಿಡಿ’ ಅಂದವರಿದ್ದಾರೆ. ಯಾವುದು ಸ್ವಾಮಿ ಮೂಲ? ಆರ್ಬಿಟರನದು ಹರ್ಸ್ಟ್‌ನ ದಾರಿಯದ್ದು, ಹರ್ಸ್ಟ್‌ನದು ಸ್ನಾಡಿಯದನ್ನ ತಿದ್ದಿದ್ದು, ಸ್ನಾಡಿಯದು ಸತ್ತುಹೋದ ಒಂದು ಟ್ರಾನ್ಸ್‌ಫಾರ್ಮರಿನ ನಕಲು. ಆ ಟ್ರಾನ್ಸ್‌ಫಾರ್ಮರಿಗೆ ನಕ್ಷೆಯೇ ಇರಲಿಲ್ಲ. ಫಝ್ ಫೇಸ್ ಕೂಡ ಒಂದೇ ಥರ ಉಳಿಯಲಿಲ್ಲ; ಮೊದಲಿನವಕ್ಕೆ ಬಹುಪಾಲು ಎನ್‌ಕೆಟಿ275, ಕೆಲವಕ್ಕೆ ಎಸಿ128, ಒಂದೆರಡು ವರ್ಷದಲ್ಲೇ ಸಿಲಿಕಾನಿನ ಬಿಸಿ108. ಕಂಪನಿಗೆ ಆ ವಾರ ಯಾವುದು ಸಿಕ್ಕಿತೋ ಅದು.

ಈ ಜರ್ಮೇನಿಯಂ ಇದೆಯಲ್ಲ, ಅದೇ ನನ್ನ ಮೂರು ತಿಂಗಳು ತಿಂದಿದ್ದು. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆದ ಮೊಟ್ಟಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಮ್ಮಿನದೇ. ಆದರೆ ಅದು ಬಹಳ ಸೂಕ್ಷ್ಮ ಪ್ರಾಣಿ. ನಲ್ಲಿ ತಿರುಗಿಸಿ ಮುಚ್ಚಿದರೂ ತೊಟ್ಟಿಕ್ಕುತ್ತಲ್ಲ, ಹಾಗೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ಕರೆಂಟ್ ಸೋರುತ್ತೆ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಎರಡರಷ್ಟಾಗುತ್ತೆ. ಒಂದೇ ನಂಬರ್, ಒಂದೇ ಕಾರ್ಖಾನೆ ಇದ್ದರೂ ಒಂದರ ಗೇನ್ ಇನ್ನೊಂದರ ಎರಡರಷ್ಟಿರಬಹುದು. ಅದಕ್ಕೇ 60ರ ದಶಕದಲ್ಲಿ ಜಗತ್ತು ಸಿಲಿಕಾನಿಗೆ ಹೊರಟುಹೋಯಿತು. ಉಳಿದ ಜಗತ್ತಿಗೆ ಅದೇ ಸರಿ. ಆದರೆ ಫಝ್ ಫೇಸಿನಲ್ಲಿ ಸಿಲಿಕಾನ್ ಹಾಕಿದರೆ ದನಿ ಚೂಪಾಗುತ್ತೆ, ಗದರುತ್ತೆ. ಜರ್ಮೇನಿಯಂ ಒಡೆಯೋದು ಮೆಲ್ಲಗೆ. ಗಿಟಾರಿನ ವಾಲ್ಯೂಮ್ ನಾಬನ್ನ ಸ್ವಲ್ಪ ಕೆಳಗಿಳಿಸಿದರೆ ಆ ಗೊರಗೊರವೆಲ್ಲ ಅಡಗಿ, ಗಾಜಿನ ಬಳೆ ತಾಕಿದಂಥ ತಿಳಿ ದನಿ ಬರುತ್ತೆ; ಏರಿಸಿದರೆ ಮತ್ತೆ ಅಬ್ಬರ. ಕಾಲು ಎತ್ತೋದೇ ಬೇಡ, ಕಿರುಬೆರಳಲ್ಲೇ ಎಲ್ಲ. ಇದಕ್ಕಾಗಿಯೇ ಇಷ್ಟು ಪಾಡು.

ಹೆಂಡ್ರಿಕ್ಸ್ ಒಂದೇ ಸಲ ಹಲವು ಫಝ್ ಫೇಸ್ ತರಿಸಿ, ಒಂದೊಂದನ್ನೇ ನುಡಿಸಿ ಒಳ್ಳೆಯದನ್ನ ಆರಿಸಿಕೊಳ್ತಿದ್ದ ಅಂತ ಹೇಳ್ತಾರೆ. ಅವನು ಡಬ್ಬಿ ಆರಿಸಿದ, ನಾವು ಟ್ರಾನ್ಸಿಸ್ಟರ್ ಆರಿಸ್ತೀವಿ.

ಇಲ್ಲಿ ಬೆಂಗಳೂರಿಗೂ ಒಂದು ಪಾತ್ರ ಇದೆ. ಜಾಲಹಳ್ಳಿಯ ಬಿಇಎಲ್ 1962ರಿಂದ ಜರ್ಮೇನಿಯಂ ಸಾಧನಗಳನ್ನ ತಯಾರಿಸೋಕೆ ಶುರು ಮಾಡಿತು. ಹೌದು, ಫಝ್-ಟೋನ್ ಬಂದ ವರ್ಷವೇ. ಇಲ್ಲಿ ಅವು ಹೋಗಿದ್ದು ಮುಖ್ಯವಾಗಿ ರೇಡಿಯೋ ಒಳಕ್ಕೆ. ನಿಮ್ಮ ಅಜ್ಜನ ಮನೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ, ಸ್ಪೀಕರಿಗೆ ದನಿ ತಳ್ಳೋ ಜಾಗದಲ್ಲಿ ಬೆಳ್ಳಗಿನ ಲೋಹದ ಟೋಪಿ ಹಾಕಿಕೊಂಡ ಎಸಿ128ರ ಜೋಡಿ ಕಂಡರೂ ಕಾಣಬಹುದು. ಫಝ್ ಫೇಸಿಗೆ ಒಗ್ಗೋದು ಅದೇ ನಂಬರು.

ಎಸ್‌ಪಿ ರಸ್ತೆಗೆ ಹೋಗಿ, ಗಲ್ಲಿಯೊಳಗಿನ ಹಳೇ ಅಂಗಡಿಯೊಂದರಲ್ಲಿ ಕೇಳಿದೆ. 

‘ಎಸಿ128 ಇದೆಯಾ ಸಾರ್?’

‘ಏನ್ ಸಾರ್, ರೇಡಿಯೋ ರಿಪೇರಿನಾ?’

‘ಇಲ್ಲ, ಗಿಟಾರ್ ಪೆಡಲ್.’

‘ಅದಕ್ಯಾಕ್ ಸಾರ್ ಇದು? ಈಗ ಒಳ್ಳೊಳ್ಳೇ ಐಸಿ ಬಂದಿದಾವೆ.’ 

ಹಾಗಂದರೂ ಏಣಿ ಹತ್ತಿ, ಮೇಲಿನ ಸಾಲಿನ ಡಬ್ಬದಿಂದ ಕಾಗದದ ಪೊಟ್ಟಣ ತೆಗೆದುಕೊಟ್ಟರು. ಅದರಲ್ಲಿ ಕೆಲವದರ ಮೇಲೆ ಬಿಇಎಲ್ ಮುದ್ರೆ ಇತ್ತು. ಇನ್ನೊಂದು ಅಂಗಡಿಯದೂ ಸೇರಿ ಕೈಗೆ ಬಂದಿದ್ದು 14.

ಮನೆಗೆ ಬಂದು ಒಂದೊಂದನ್ನೇ ಅಳೆಯೋದು. ಮೊದಲ ಜರಡಿ ಸುಲಭ. ಮಲ್ಟಿಮೀಟರನ್ನ ಡಯೋಡ್ ಗುರುತಿಗಿಟ್ಟು ಬೇಸಿಗೂ ಎಮಿಟರಿಗೂ ಹಿಡಿದರೆ ಜರ್ಮೇನಿಯಂ 0.2ರಿಂದ 0.3 ತೋರಿಸುತ್ತೆ, ಸಿಲಿಕಾನ್ 0.6ರ ಮೇಲೆ. ಎರಡನೇ ಅಂಗಡಿಯ ಮೂರು 0.65 ತೋರಿಸಿದವು, ಹಳೇ ನಂಬರು ಬರೆಸಿಕೊಂಡ ಸಿಲಿಕಾನ್. ಎರಡು ಸತ್ತಿದ್ದವು. ಉಳಿದಿದ್ದು ಒಂಬತ್ತು.

ಎರಡನೇ ಜರಡಿಗೆ ತಾಳ್ಮೆ ಬೇಕು. ಮಲ್ಟಿಮೀಟರಿನಲ್ಲಿ ಗೇನ್ ಅಳೆಯೋ ತೂತು ಇರುತ್ತಲ್ಲ, ಅದನ್ನ ಇಲ್ಲಿ ನಂಬೋ ಹಾಗಿಲ್ಲ. ಸೋರಿಕೆಯನ್ನೂ ಗೇನಿಗೇ ಸೇರಿಸಿ ದೊಡ್ಡ ಸಂಖ್ಯೆ ತೋರಿಸಿಬಿಡುತ್ತೆ. ಹಾಗಾಗಿ 9 ವೋಲ್ಟಿನ ಬ್ಯಾಟರಿಗೆ ಒಂದು ರೆಸಿಸ್ಟರ್ ಮೂಲಕ ಟ್ರಾನ್ಸಿಸ್ಟರನ್ನ ಕಟ್ಟಿ, ಬೇಸನ್ನ ಖಾಲಿ ಬಿಟ್ಟು, ರೆಸಿಸ್ಟರಿನ ಮೇಲಿನ ವೋಲ್ಟೇಜು ಬರೆದುಕೊಳ್ಳಬೇಕು. ಅದು ಬರೀ ಸೋರಿಕೆ. ಆಮೇಲೆ 22 ಲಕ್ಷ ಓಮಿನ ರೆಸಿಸ್ಟರ್ ಮೂಲಕ ಬೇಸಿಗೆ ಒಂದಿಷ್ಟೇ ಇಷ್ಟು ಕರೆಂಟ್ ಕೊಟ್ಟು ಮತ್ತೆ ನೋಡಬೇಕು. ಎರಡರ ವ್ಯತ್ಯಾಸ ನಿಜವಾದ ಗೇನ್. ಟ್ರಾನ್ಸಿಸ್ಟರನ್ನ ಎರಡು ಬೆರಳಲ್ಲಿ ಹಿಡಿದುಕೊಳ್ಳಿ, ಮೀಟರಿನ ಅಂಕಿ ಕಣ್ಣೆದುರೇ ಏರುತ್ತೆ. ಮೈ ಬಿಸಿ ಅಷ್ಟು ಸಾಕು ಅದಕ್ಕೆ. ಬಿಟ್ಟು ಎರಡು ನಿಮಿಷ ಕಾದರೆ ಇಳಿಯುತ್ತೆ. ಹೀಗೆ ಮುಟ್ಟದೆ, ಫ್ಯಾನ್ ಹಾಕದೆ, ರಾತ್ರಿ ಹನ್ನೊಂದಕ್ಕೆ ಕೂತು ಅಳೆದು ಚೀಟಿ ಅಂಟಿಸಿದೆ. ಒಂಬತ್ತರಲ್ಲಿ ನಾಲ್ಕು ವಿಪರೀತ ಸೋರುತ್ತಿದ್ದವು. ಉಳಿದ ಐದರಲ್ಲಿ ಗೇನ್ 72 ಇದ್ದದ್ದು ಮೊದಲ ಜಾಗಕ್ಕೆ, 118 ಇದ್ದದ್ದು ಎರಡನೇ ಜಾಗಕ್ಕೆ. ಫಝ್ ಫೇಸಿಗೆ ಮೊದಲನೆಯದು ಕಮ್ಮಿ, ಎರಡನೆಯದು ಹೆಚ್ಚು ಇದ್ದರೆ ಚೆಂದ.

ಇನ್ನು ನನ್ನ ಬದಲಾವಣೆಗಳು. ಮೂಲ ನಕ್ಷೆಯಲ್ಲಿ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 8.2 ಕಿಲೋಓಮಿನ ರೆಸಿಸ್ಟರ್ ಇದೆ. ಅಲ್ಲಿನ ವೋಲ್ಟೇಜು ಬ್ಯಾಟರಿಯ ಅರ್ಧ, ಅಂದರೆ 4.5ರ ಹತ್ತಿರ ಇದ್ದರೆ ಅಲೆ ಮೇಲೂ ಕೆಳಗೂ ಒಂದೇ ಥರ ಕತ್ತರಿಸಿಕೊಳ್ಳುತ್ತೆ. ತೀರಾ ಆಚೀಚೆ ಆದರೆ ದನಿ ಸಾಯೋ ಬ್ಯಾಟರಿಯ ಹಾಗೆ ಕೆಮ್ಮುತ್ತೆ. ಲಂಡನ್ನಿನ ಚಳಿಗೆ ಒಂದು ಬೆಲೆ ಇಟ್ಟು ಕೈ ತೊಳೆದುಕೊಂಡರೂ ನಡೆದೀತು. ನಮ್ಮೂರಲ್ಲಿ ಡಿಸೆಂಬರಿನ ಬೆಳಗ್ಗೆ 16 ಡಿಗ್ರಿ, ಏಪ್ರಿಲಿನ ಮಧ್ಯಾಹ್ನ 35. ಸೋರಿಕೆ ಹತ್ತಿರಹತ್ತಿರ ನಾಲ್ಕರಷ್ಟು ಬದಲಾಗುತ್ತೆ. ಹಾಗಾಗಿ ಆ ರೆಸಿಸ್ಟರಿನ ಜಾಗದಲ್ಲಿ ಒಂದು ನಾಬನ್ನೇ ಹಾಕಿ ಡಬ್ಬಿಯ ಹೊರಗೆ ತಂದೆ. ಈಗ ನನ್ನ ಪೆಡಲಿಗೆ ಮೂರು ನಾಬು: ವಾಲ್ಯೂಮ್, ಫಝ್, ಹವಾಮಾನ. ಪಕ್ಕದ 470 ಓಮನ್ನ 1 ಕಿಲೋಓಮ್ ಮಾಡಿದ್ದಕ್ಕೆ ಸದ್ದು ದೊಡ್ಡದಾಯಿತು. ಒಳಬರೋ ಕಡೆ 2.2 ಮೈಕ್ರೋಫ್ಯಾರಡ್ ಕೆಪಾಸಿಟರಿನ ಜೊತೆ 0.1ರದ್ದು ಇನ್ನೊಂದನ್ನ ಸ್ವಿಚ್ಚಿಗೆ ಹಾಕಿ, ಬೇಕಾದ್ದನ್ನ ಆರಿಸಿಕೊಳ್ಳೋ ಹಾಗೆ ಮಾಡಿದೆ. ಚಿಕ್ಕದಕ್ಕೆ ತಿರುಗಿಸಿದರೆ ಮಂದ್ರದ ಗದ್ದಲ ಕಮ್ಮಿಯಾಗಿ ತಂಡದ ಜೊತೆ ನುಡಿಸುವಾಗ ಗಿಟಾರ್ ಬೇರೆಯಾಗಿ ಕೇಳುತ್ತೆ. ಟ್ರಾನ್ಸಿಸ್ಟರುಗಳಿಗೆ ಬೆಸುಗೆ ಹಾಕಲಿಲ್ಲ, ಸಾಕೆಟ್ಟಿನಲ್ಲಿ ಕೂರಿಸಿದೆ. ಬೆಸುಗೆಯ ಬಿಸಿಗೇ ಸತ್ತುಹೋಗೋ ಜಾತಿ ಅದು.

ಎರಡು ಕಡೆ ಮಾತ್ರ ಹಳೆಯದನ್ನೇ ಉಳಿಸಿಕೊಂಡೆ. ಈ ಬಗೆಯ ಟ್ರಾನ್ಸಿಸ್ಟರಿಗೆ ಬ್ಯಾಟರಿಯ ಪ್ಲಸ್ ತುದಿ ನೆಲಕ್ಕೆ ಹೋಗಬೇಕು, ಈಗಿನ ಪೆಡಲುಗಳಲ್ಲಿ ಮೈನಸ್. ಎರಡನ್ನೂ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ಶಾರ್ಟ್. ಅದಕ್ಕೆ ಅಡಾಪ್ಟರಿನ ತೂತೇ ಇಟ್ಟಿಲ್ಲ, ಬ್ಯಾಟರಿ ಒಂದೇ. ದೀಪವನ್ನೂ ಹಾಕಲಿಲ್ಲ. ಸರ್ಕ್ಯೂಟು ಕುಡಿಯೋದು ಒಂದು ಮಿಲಿಆಂಪಿನ ಆಸುಪಾಸು, ದೀಪ ಅದಕ್ಕಿಂತ ಜಾಸ್ತಿ ಕುಡಿಯುತ್ತೆ. ಪೆಡಲ್ ಆನ್ ಆಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಇಂಥ ಡಬ್ಬಿಗೆ ದೀಪ ಬೇರೆ ಬೇಕಾ? ಪಕ್ಕದ ಮನೆಯವರನ್ನ ಕೇಳಿದರೂ ಹೇಳ್ತಾರೆ.

ನಮ್ಮ ದೊಡ್ಡಪ್ಪ ಬಿಇಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅಲ್ಲಿ ಬಹಳ ವರ್ಷ ಅವರ ಕೆಲಸ ಪರೀಕ್ಷೆ ಮಾಡೋದೇ. ಒಂದು ಭಾನುವಾರ ಮನೆಗೆ ಬಂದವರು ಚೀಟಿ ಅಂಟಿಸಿದ ಟ್ರಾನ್ಸಿಸ್ಟರುಗಳನ್ನ ನೋಡಿ ಕನ್ನಡಕ ಹಾಕಿಕೊಂಡರು. ಮುದ್ರೆ ನೋಡಿದರು. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, ‘ಎಲ್ಲಿ ಸಿಕ್ತೋ ಇದು?’ ಅಂದರು. ಪೆಡಲಿನ ಕಥೆ ಹೇಳಿದೆ, ನುಡಿಸಿಯೂ ತೋರಿಸಿದೆ.

‘ಇದು ಕೆಟ್ಟಿದೆ ಕಣೋ.’

‘ಕೆಡಲಿ ಅಂತಲೇ ಮಾಡಿರೋದು ದೊಡ್ಡಪ್ಪ.’

‘ಅಲ್ವೋ, ಸೋರೋದನ್ನ ಪಕ್ಕಕ್ಕಿಡೋದೇ ನಮ್ ಕೆಲಸ ಆಗಿತ್ತು. ನೀನು ಅದನ್ನೇ ಹುಡುಕ್ಕೊಂಡು ಅಲೀತಿದೀಯಲ್ಲೋ!’

ಹುಡುಕಿಕೊಂಡು ಅಲೆದದ್ದು ಸೋರದೇ ಇರೋದನ್ನೇ, ಫಝ್ ಫೇಸಿಗೆ ಸೋರಿಕೆ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ವಿವರಿಸಿದೆ. ಆದರೆ ಅವರ ಮಾತಿನಲ್ಲೂ ಸತ್ಯ ಇದೆ. ಈ ಟ್ರಾನ್ಸಿಸ್ಟರುಗಳ ದೊಡ್ಡ ಪ್ರಮಾಣದ ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ. ಪೊಟ್ಟಣದಲ್ಲಿ ಉಳಿದಿರೋದು, ರೇಡಿಯೋಗಳಲ್ಲಿ ಉಳಿದಿರೋದು, ಅಷ್ಟೇ. ನಾನು ಒಂದು ಪೆಡಲ್ ಮಾಡಿದರೆ ಎರಡು ಕಮ್ಮಿಯಾಗುತ್ತೆ. ಒಳ್ಳೆಯವನ್ನ ಆರಿಸಿಕೊಂಡ ಮೇಲೆ ಉಳಿಯೋ ಸೋರುಬುರುಕುಗಳ ಗತಿ ಏನು ಅಂತ ನನಗೂ ಅನ್ನಿಸ್ತಾ ಇತ್ತು.

ಅದಕ್ಕೆ ಉತ್ತರ ಸಿಕ್ಕಿದ್ದು 1966ರ ಇನ್ನೊಂದು ನಕ್ಷೆಯಲ್ಲಿ, ಟೋನ್ ಬೆಂಡರ್ ಮಾರ್ಕ್ 2. ಇದಕ್ಕೆ ಮೂರು ಟ್ರಾನ್ಸಿಸ್ಟರ್. ನಕ್ಷೆಯನ್ನ ದೊಡ್ಡಪ್ಪನ ಮುಂದೆ ಹಿಡಿದೆ. ಬೆರಳಿಟ್ಟುಕೊಂಡು ಎಡದಿಂದ ಬಲಕ್ಕೆ ಓದಿದರು, ಮತ್ತೆ ಎಡಕ್ಕೆ ಬಂದರು.

‘ಮೊದಲನೇದಕ್ಕೆ ಬಯಾಸ್ ಎಲ್ಲೋ? ಬೇಸಿಂದ ನೆಲಕ್ಕೆ ಒಂದ್ ರೆಸಿಸ್ಟರ್ ಬಿಟ್ರೆ ಏನೂ ಇಲ್ವಲ್ಲ. ಇದು ಆನ್ ಹೇಗಾಗುತ್ತೆ?’

ಆಗೋದು ಸೋರಿಕೆಯಿಂದಲೇ. ಒಳಗೆ ಸೋರೋ ಆ ಕರೆಂಟೇ ಟ್ರಾನ್ಸಿಸ್ಟರನ್ನ ಎಬ್ಬಿಸುತ್ತೆ. ಒಂದಿಷ್ಟೂ ಸೋರದ, ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಟ್ರಾನ್ಸಿಸ್ಟರ್ ತಂದು ಅಲ್ಲಿ ಹಾಕಿದರೆ ಅದು ಬರೀ ಉಸಿರುಗಟ್ಟಿದ ಹಾಗೆ ಪಿಸುಗುಟ್ಟುತ್ತೆ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪಕ್ಕಕ್ಕಿಟ್ಟಿದ್ದ ನಾಲ್ಕರಲ್ಲಿ ಒಂದನ್ನ ಚೀಟಿ ನೋಡಿ ಎತ್ತಿಕೊಂಡು, ಮೀಟರ್ ಹತ್ತಿರಕ್ಕೆ ಎಳಕೋ ಅಂದರು.